ನೆವೆನಾಳ ನೆರಳನ್ನು ಅಳೆದವನು

ಮೊದಲೇ ಹೇಳಿಬಿಡುತ್ತೇನೆ. ನಡುವೆ ಯಾರಾದರೂ ಕಿಸಕ್ಕೆಂದರೆ ನಾನು ಎದ್ದು ಹೋಗುತ್ತೇನೆ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗಳು ನೆವೆನಾಗೆ ಆದದ್ದು. ಸೇತುವೆಯ ಹತ್ತಿರ ನಡೆದದ್ದನ್ನು ಅವಳೇ ನನಗೆ ಹೇಳಿದಳು, ಬಸ್ಸಿನಲ್ಲಿ ನಡೆದದ್ದನ್ನು ನಮ್ಮಪ್ಪ ಕಣ್ಣಾರೆ ಕಂಡ. ಕೊನೆಯದನ್ನು ನಾನೇ ಈ ಕೈಯಿಂದ ಮುಟ್ಟಿ ನೋಡಿದ್ದೇನೆ. ಆ ಕಿಟಕಿ ಸ್ವಲ್ಪ ಹಾಕಿ… ಹಾಂ. ಈಗ ಕೇಳಿ.

ಶಿಲುಬೆ ಹಬ್ಬದ ಹಿಂದಿನ ರಾತ್ರಿ. ನೆವೆನಾ ನೀರುನಾಯಿಗೆ ಕಾದು ಕಾದು ಸಾಕಾಗಿ ಮನೆಗೆ ಬರುತ್ತಿದ್ದಳು. ನಮ್ಮೂರ ಹೊಳೆಗೆ ಹಳೇ ಕಲ್ಲಿನ ಸೇತುವೆ ಇದೆಯಲ್ಲ, ಅದರ ಕಮಾನಿನ ಕೆಳಗೆ ಒಂದು ತಾಯಿ ನೀರುನಾಯಿ ಮರಿ ಹಾಕಿತ್ತು. ಸಂಜೆಯಿಂದ ಜೊಂಡಿನೊಳಗೆ ಮೊಣಕಾಲು ಮಡಿಚಿಕೊಂಡು ಕೂತಿದ್ದಳು. ಕ್ಯಾಮೆರಾಗೆ ಸಿಕ್ಕಿದ್ದು ಒಂದು ಬಾಲ, ಅಷ್ಟೇ.

ಅವಳು ಎಂಥವಳು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಟ್ಟಣದಲ್ಲಿ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದಳು. ಒಳ್ಳೆಯ ಕೈಗುಣ. ನಮ್ಮ ಬೆಟ್ಟದ ಅರ್ಧ ಮುದುಕರು ಅವಳು ಮಾಡಿದ ಹಲ್ಲಲ್ಲೇ ಜೋಳದ ತೆನೆ ಕಚ್ಚುತ್ತಿದ್ದರು. ಒಂದು ದಿನ ಅದನ್ನು ಬಿಟ್ಟುಬಿಟ್ಟಳು. ಒಂದು ಕ್ಯಾಮೆರಾ, ಮೊಣಕೈ ಉದ್ದದ ಲೆನ್ಸು, ಒಂದು ಡೇರೆ. ಕಾಡು, ಹಕ್ಕಿ, ಪ್ರಾಣಿ, ಇವುಗಳ ಚಿತ್ರ ತೆಗೆಯುವುದೇ ಇನ್ನು ಮುಂದೆ ನನ್ನ ಕಸುಬು ಅಂದಳು. ಅಂದವಳೇ ಒಬ್ಬಳೇ ಹೊರಟಳು. ಕರಡಿ ಇರುವ ಕಾಡಿಗೆ ಒಬ್ಬಳೇ, ರಣಹದ್ದಿನ ಬಂಡೆಗೆ ಒಬ್ಬಳೇ. ಅವಳ ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮ ಇಟಲಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ಹಾಗಾಗಿ ಈ ಹುಡುಗಿಗೆ ಬುದ್ಧಿ ಹೇಳುವ ಹಕ್ಕು ಊರಿಗೆಲ್ಲ ಹಂಚಿಹೋಗಿತ್ತು. ಅದರಲ್ಲಿ ದೊಡ್ಡ ಪಾಲು ನಮ್ಮಪ್ಪ ವೆಲ್ಕೊನದು. ಊರಿನ ಬಸ್ಸು ಓಡಿಸುವುದೂ ಅವನೇ.

"ಹೀಗೇ ಅಲೆದ್ರೆ ನಿನ್ನ ಯಾರೇ ಮದುವೆ ಆಗ್ತಾರೆ?" ಅಂತ ಅಪ್ಪ ಕೇಳಿದರೆ ಅವಳು, "ನೀರುನಾಯಿ ಒಪ್ಪಿದ್ರೆ ನಾಳೇನೇ ಆಗ್ತೀನಿ ದೊಡ್ಡಪ್ಪ," ಅನ್ನುವಳು. "ಆದ್ರೆ ಅದೂ ನನ್ನ ಕಂಡ್ರೆ ಓಡುತ್ತೆ."

ಅವತ್ತು ರಾತ್ರಿ ಅವಳು ಖುಷಿಯಲ್ಲೇ ಇದ್ದಳು. ಮೊದಲ ಸಲ ದೊಡ್ಡ ಕೆಲಸ ಬಂದಿತ್ತು. ದಾನ್ಯೂಬ್ ಹೊಳೆ ಸಮುದ್ರ ಸೇರುತ್ತದಲ್ಲ, ರೊಮೇನಿಯಾದ ಆ ತುದಿಯಲ್ಲಿ, ಮರಳದಿಬ್ಬದ ಮೇಲೆ, ಚಳಿಗೆ ಮುಂಚೆ ಹೆಜ್ಜಾರ್ಲೆಗಳು, ಆ ಚೀಲದ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಗಳು, ಸಾವಿರಗಟ್ಟಲೆ ಸೇರುತ್ತವೆ. ಅವು ಹಾರಿಹೋಗುವ ತನಕ ಜೊತೆಗಿದ್ದು ಚಿತ್ರ ತರಬೇಕು. ಪತ್ರಿಕೆಯವರು ಅವಳ ಹೆಸರು ಹಿಡಿದೇ ಕೇಳಿದ್ದರು. ಹಬ್ಬದ ಮರುದಿನ ಹೊರಡಬೇಕು. ಇದು ಕೈತಪ್ಪಿದರೆ ಮತ್ತೆ ಯಾರೂ ಕೇಳುವುದಿಲ್ಲ, ವಾಪಸು ಹಲ್ಲಿನ ಅಂಗಡಿ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹಾಲು ಚೆಲ್ಲಿದ ಹಾಗೆ ಬೆಳದಿಂಗಳು. ಸೇತುವೆಯ ಆಚೆ ತುದಿಯಲ್ಲಿ ನೀರಿನ ತೊಟ್ಟಿ. ಬೆಟ್ಟದ ನೀರು ಕಲ್ಲಿನ ಕೊಳವೆಯಿಂದ ಹಗಲೂ ರಾತ್ರಿ ಅದಕ್ಕೆ ಬೀಳುತ್ತಲೇ ಇರುತ್ತದೆ. ಗುಳು ಗುಳು ಗುಳು… ಅವಳ ಬೂಟಿನ ಸದ್ದು. ಭುಜದ ಮೇಲಿನ ಟ್ರೈಪಾಡ್ ಚೀಲದ ಬಕಲ್ಲಿಗೆ ತಾಗಿ ಕಿಣಿ ಕಿಣಿ…

ಅದರ ನಡುವೆ ಇನ್ನೊಂದು.

ಟಕ್… ಟಕ್… ಟಿಣ್.

ಅವಳು ನಿಂತಳು. ಅದೂ ನಿಂತಿತು.

ಎರಡು ಹೆಜ್ಜೆ ಇಟ್ಟಳು. ಟಕ್…

ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು. ಅವಳಿಗೆ ಹೆದರಿಕೆಯಾಗಲಿಲ್ಲ. ಆಗುವುದಕ್ಕೆ ಕಾರಣವೂ ಇರಲಿಲ್ಲ. ಆ ಬೇಸಿಗೆಯೆಲ್ಲ ಸೇತುವೆಯ ರಿಪೇರಿ ನಡೆದಿತ್ತು. ಹೊರಗಿನಿಂದ ಬಂದ ಗಾರೆ ಕೆಲಸದವರು ಮುಚ್ಚಿದ ಶಾಲೆಯಲ್ಲಿ ಮಲಗುತ್ತಿದ್ದರು. ತೊಟ್ಟಿಯ ಪಕ್ಕ ಸೇತುವೆಗೆ ಆನಿಕೊಂಡ ಗೋಡೆಯನ್ನು ಹೊಸದಾಗಿ ಎಬ್ಬಿಸುತ್ತಿದ್ದರು. ಆ ಗೋಡೆಯ ಬುಡದಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ತಲೆಗೆ ಉಣ್ಣೆ ಟೋಪಿ, ಸೊಂಟಕ್ಕೆ ಅಗಲವಾದ ಬಟ್ಟೆ ಸುತ್ತಿಕೊಂಡಿದ್ದ. ಮುಖ ಕಾಣಲಿಲ್ಲ.

"ಸ್ವಲ್ಪ ನಿಲ್ಲು ಮಗಳೇ…" ಪಿಸುದನಿ. "ಕದಲಬೇಡ."

ನೋಡಿ, ಅವಳು ಎಡವಿದ್ದು ಇಲ್ಲೇ. ಗಾರೆಯವನು ಗೋಡೆ ಕಟ್ಟುವಾಗ ನಿಲ್ಲು ಅಂದರೆ ಓಡಬೇಕು ಅಂತ ನಮ್ಮ ಕಡೆ ತೊದಲುವ ಮಗುವಿಗೂ ಗೊತ್ತು. ನೆವೆನಾಗೂ ಗೊತ್ತಿತ್ತು. ಆದರೆ ಈ 'ಕದಲಬೇಡ' ಇದೆಯಲ್ಲ, ಅದು ಅವಳದೇ ಮಾತು. ಹಕ್ಕಿಗೆ, ಮೊಲಕ್ಕೆ, ಗಾಳಿಗೆ ತೂಗುವ ಹೂವಿಗೆ, ದಿನಕ್ಕೆ ನೂರು ಸಲ ಉಸಿರು ಬಿಗಿಹಿಡಿದು ಅವಳು ಹೇಳುವ ಮಾತು. ಆ ಮಾತು ಕಿವಿಗೆ ಬಿದ್ದದ್ದೇ ಮೈ ತಾನಾಗಿ ನಿಂತಿತು. ಕಸುಬಿನವರು ಕಸುಬಿನವರಿಗೆ ಕೊಡುವ ಮರ್ಯಾದೆ ಅದು.

ಚಂದ್ರ ಬೆನ್ನ ಹಿಂದೆ. ಅವಳ ನೆರಳು ಉದ್ದಕ್ಕೆ ಹೋಗಿ ಹೊಸ ಗೋಡೆಯ ಮೇಲೆ ಬಿದ್ದಿತ್ತು. ಅವನು ಒಂದು ದಾರ ತೆಗೆದ. ನೆರಳಿನ ನೆತ್ತಿಯಿಂದ ಹಿಮ್ಮಡಿಯ ತನಕ ಹಿಡಿದ. ಕಲ್ಲಿನ ಮೇಲೆ ದಾರ ಎಳೆಯುವ ಸದ್ದು, ಸರ್ರ್… ಹೆಬ್ಬೆರಳಿನ ಉಗುರಿಂದ ಗುರುತು ಹಾಕಿ ಹಲ್ಲಿನಿಂದ ಕಡಿದ. ಕಟ್. ಕಟ್ಟುಹಲ್ಲಲ್ಲ, ಸ್ವಂತ ಹಲ್ಲಿನ ಸದ್ದು ಅಂತ ಅವಳು ಆಮೇಲೆ ನನಗೆ ಹೇಳಿದಳು. ಆ ಹುಡುಗಿಯ ಗಮನಕ್ಕೆ ಅದೂ ಬಂದಿತ್ತು!

"ಆಯ್ತಾ?" ಅಂದಳು.

"ಆಯ್ತು. ಹೋಗು."

"ಬರ್ತೀನಿ ಮೇಸ್ತ್ರಿ. ಹಬ್ಬದ ಹಿಂದಿನ ದಿನಾನೂ ದುಡಿಸ್ತಾರಲ್ಲ ನಿಮ್ಮನ್ನ, ಪಾಪ."

ಅವಳು ಊರಿನ ಏರು ಹತ್ತುವಾಗ ಹಿಂದಿನಿಂದ ಗಾರೆ ಬಡಿಯುವ ಸದ್ದು ಕೇಳಿಸಿತು. ಚಪ್… ಚಪ್… ಆಮೇಲೆ ಕಲ್ಲು ಕೂರಿಸುವ ಸದ್ದು. ಟಿಣ್.

ಮಾರನೆಯ ಬೆಳಿಗ್ಗೆ ನಮ್ಮಜ್ಜಿ ದೋನ್ಕಾ ಅಂಗಳದ ಕಬ್ಬಿಣದ ಒಲೆಯ ಮೇಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಚಳಿಗಾಲದ ಚಟ್ನಿಗೆ. ಅಪ್ಪ ಹಬ್ಬದ ನೆಪದಲ್ಲಿ ಬೆಳಿಗ್ಗೆಯೇ ಒಂದು ಗುಟುಕು ರಕಿಯಾ ಸಾರಾಯಿ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದ. ನೆವೆನಾ ಮೊಸರು ಬ್ರೆಡ್ಡು ತಿನ್ನುತ್ತಾ ರಾತ್ರಿ ಕಂಡ ಮೇಸ್ತ್ರಿಯ ವಿಷಯ ಎತ್ತಿದಳು.

"ಯಾವ ಮೇಸ್ತ್ರಿ?" ಅಂದಳು ಅಜ್ಜಿ. "ಗಾರೆಯವರೆಲ್ಲ ಮೊನ್ನೇನೇ ಹಬ್ಬಕ್ಕೆ ಅಂತ ಅವರೂರಿಗೆ ಹೋದ್ರಲ್ಲೇ."

"ನಾನೇ ಬಸ್ಸಲ್ಲಿ ಬಿಟ್ಟು ಬಂದೆ," ಅಂದ ಅಪ್ಪ.

ಒಲೆಯ ಮೇಲೆ ಮೆಣಸಿನಕಾಯಿಯ ಸಿಪ್ಪೆ ಸಿಡಿಯಿತು. ಚಟ್… ಚಟ್…

"ಏನಂದ ನಿಂಗೆ?" ಅಜ್ಜಿಯ ದನಿ ಇಳಿದಿತ್ತು.

"ನಿಲ್ಲು ಅಂದ. ನಿಂತೆ."

"ದಾರ ಇತ್ತಾ ಕೈಯಲ್ಲಿ?"

ನೆವೆನಾ ತಿನ್ನುವುದನ್ನು ನಿಲ್ಲಿಸಿದಳು. "ಇತ್ತು."

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ ನನ್ನ ಕಂದಾ… ನೆರಳು ಅಳೆಸ್ಕೊಂಡು ಬಂದ್ಯಲ್ಲೇ! ಆ ದಾರ ಗೋಡೆ ಒಳಗೆ ಹೋದ್ರೆ ಗೋಡೆ ನಿಲ್ಲುತ್ತೆ, ಮನುಷ್ಯ ಬೀಳ್ತಾನೆ. ನಲವತ್ತು ದಿನ, ಅಷ್ಟೇ. ಆಮೇಲೆ ಸೇತುವೆಯ ದೆವ್ವ, ತಲಾಸಮ್ ಆಗಿ ಅಲ್ಲೇ ಕಾವಲು ಕೂರಬೇಕು. ಸೇತುವೆ ಬಿಟ್ಟು ಒಂದು ಹೆಜ್ಜೆ ಆಚೆ ಇಡೋ ಹಾಗಿಲ್ಲ, ಪ್ರಳಯ ಆಗೋವರೆಗೂ. ನಿನ್ನ ಅಳೆದವನೂ ಹಾಗೇ ಸತ್ತವನೇ."

"ಅಜ್ಜೀ, ಯಾವ ಕಾಲದಲ್ಲಿದೀಯ?" ಅಂತ ನೆವೆನಾ ನಕ್ಕು ಅಂಗಳಕ್ಕಿಳಿದಳು. ಇಳಿದವಳು ಕೆಳಗೆ ನೋಡಿದಳು. ನಗು ಅಲ್ಲೇ ನಿಂತಿತು.

ಚೆನ್ನಾಗಿ ಬಿಸಿಲಿತ್ತು. ಅಜ್ಜಿಯ ನೆರಳು ಬೇಲಿಯ ಕಡೆ. ಒಲೆಯ ಕೊಳವೆಯ ನೆರಳು ಬೇಲಿಯ ಕಡೆ. ಓಡಾಡುವ ಕೋಳಿಗಳದೂ ಬೇಲಿಯ ಕಡೆ. ನೆವೆನಾಳದು ಮಾತ್ರ ಹೊಳೆಯ ಕಡೆಗೆ ಬಿದ್ದಿತ್ತು. ಸೂರ್ಯ ಇದ್ದ ದಿಕ್ಕಿಗೇ, ಸೇತುವೆಯ ಕಡೆಗೆ ಬೆರಳು ತೋರಿಸಿದ ಹಾಗೆ. ಅವಳು ಸುತ್ತ ತಿರುಗಿದಳು. ನೆರಳು ತಿರುಗಲಿಲ್ಲ.

ನಮ್ಮಪ್ಪನ ಮುಖದಲ್ಲಿ ಭಯ ಇತ್ತು. ಭಯದ ಹಿಂದೆ ಇನ್ನೂ ಒಂದಿತ್ತು, ಒಂದು ಥರ ಸಮಾಧಾನ. ಹೆತ್ತ ಅಪ್ಪನ ಬಗ್ಗೆ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ತಾನು ವರ್ಷಗಟ್ಟಲೆ ಬಾಯಿ ಬಡಿದುಕೊಂಡರೂ ಆಗದ ಕೆಲಸವನ್ನು ಸತ್ತವನೊಬ್ಬ ಒಂದು ತುಂಡು ದಾರದಲ್ಲಿ ಮಾಡಿ ಮುಗಿಸಿದ್ದ.

"ಎಲ್ಲೂ ಹೋಗ್ಬೇಡ," ಅಂದ ಅಪ್ಪ. "ಮನೇಲಿರು. ಪಾದ್ರಿನ ಕರೆಸೋಣ. ನೀನು ಕಾಡುಮೇಡು ಅಂತ ಅಲೆಯೋದಕ್ಕೆ ಹೋಗ್ದೇ ಇದ್ದಿದ್ರೆ…"

"ನಾಳೇನೇ ನಂದು ಬಸ್ಸು," ಅಂದಳು ನೆವೆನಾ. "ನಿಮ್ಮದೇ ಬಸ್ಸು. ಸೀಟು ಇಟ್ಟಿರಿ."

ಹೊರಟೂ ಹೊರಟಳು. ಬೆಳಗಿನ ಬಸ್ಸಿನಲ್ಲಿ ಚೀಲ ಸೀಟಿನ ಕೆಳಗಿಟ್ಟು ಮುಂದಿನ ಸಾಲಿನಲ್ಲೇ ಕೂತಳು. ಪಟ್ಟಣದ ಸಂತೆಗೆ ಹೋಗುವ ಹೆಂಗಸರು ಬಸ್ಸು ತುಂಬ. ಊರು ದಾಟಿ ಏರು ಹತ್ತಿದರೆ ಒಂದು ತಿರುವು ಬರುತ್ತದೆ. ಅಲ್ಲಿಯವರೆಗೂ ಅಪ್ಪನ ಕನ್ನಡಿಯಲ್ಲಿ ಸೇತುವೆ ಕಾಣುತ್ತಿರುತ್ತದೆ, ತಿರುಗಿದ ಮೇಲೆ ಕಾಣುವುದಿಲ್ಲ. ಸೇತುವೆ ಕನ್ನಡಿಯಿಂದ ಮರೆಯಾಯಿತು…

ಸರ್ರನೆ ನೆವೆನಾ ಸೀಟಿನಿಂದ ಹಿಂದಕ್ಕೆ ಜಾರಿದಳು. ಬಸ್ಸು ಮುಂದೆ, ಇವಳು ಹಿಂದೆ. ಯಾರೋ ಕಾಲು ಹಿಡಿದು ಎಳೆದ ಹಾಗೆ ಸೀಟುಗಳ ನಡುವೆ ಬೂಟು ಉಜ್ಜಿಕೊಂಡು ಹೋಗಿ ಹಿಂಬಾಗಿಲಿಗೆ ದಡ್ ಅಂತ ಬಡಿದಳು. ಮೂಗಿನಿಂದ ರಕ್ತ. ಬಸ್ಸು ಒಂದೊಂದು ಗಜ ಮುಂದೆ ಹೋದಂತೆ ಅವಳ ಬೆನ್ನು ಬಾಗಿಲಿಗೆ ಒತ್ತಿ ಒತ್ತಿ ತಗಡು ಕರ್… ಕರ್… ಅಂತಿತ್ತು.

"ನಿಲ್ಸೋ ವೆಲ್ಕೊ! ಹುಡುಗಿ ಸಾಯ್ತಾಳೆ!" ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಅಪ್ಪ ಬ್ರೇಕ್ ಹಾಕಿ ರಿವರ್ಸ್ ತೆಗೆದುಕೊಂಡ. ಸೇತುವೆ ಮತ್ತೆ ಕಂಡಿತು. ನೆವೆನಾ ಅಲ್ಲೇ ಕುಸಿದು ಕೂತು ಉಸಿರು ಎಳೆದುಕೊಂಡಳು.

ಅಪ್ಪ ಬಂದು ಕೈಹಿಡಿದು ಎಬ್ಬಿಸಿದ. "ನೋಡಿದ್ಯಾ? ದೇವರೇ ತಡೀತಿದಾನೆ ನಿನ್ನ."

ನೆವೆನಾ ತೋಳಿನಿಂದ ಮೂಗು ಒರೆಸಿಕೊಂಡಳು. "ದೇವರಲ್ಲ ದೊಡ್ಡಪ್ಪ. ಯಾವನೋ ಒಬ್ಬ ಮೇಸ್ತ್ರಿ. ಅವನ ಹತ್ರ ಮಾತಾಡ್ಬೇಕು ನಾನು."

ಆ ಸಂಜೆ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ಆಯಿತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಅಜ್ಜಿ ಎಲ್ಲಿಂದಲೋ ಒಂದು ಕಪ್ಪು ಹುಂಜ ಹಿಡಿದು ತಂದಳು. ಹುಂಜದ ನೆರಳು ಕೊಟ್ಟು ಮನುಷ್ಯನ ನೆರಳು ಬಿಡಿಸಿಕೊಳ್ಳಬಹುದು ಅಂತ ಅವಳ ಅಜ್ಜಿ ಹೇಳುತ್ತಿದ್ದಳಂತೆ.

"ಹುಂಜ ಏನ್ ಮಾಡಿದೆ ಅಜ್ಜೀ ಪಾಪ?" ಅಂದಳು ನೆವೆನಾ. "ಪೆದ್ದಿ ಥರ ನಿಂತಿದ್ದು ನಾನು. ಬಿಡು ಅದನ್ನ."

"ಹಾಗಾದ್ರೆ ನಾನು ಬರ್ತೀನಿ ಜೊತೆಗೆ," ಅಂದ ಅಪ್ಪ.

"ಬೇಡ. ನೀವು ಕೆಮ್ತೀರ. ನೀವು ಕೆಮ್ಮಿದ್ರೆ ಯಾವ ಪ್ರಾಣೀನೂ ಬರಲ್ಲ."

"ಪ್ರಾಣಿ ಅಲ್ವೇ ಅದು! ಹೆಚ್ಚುಕಮ್ಮಿ ಆದ್ರೆ? ಸತ್ತುಗಿತ್ತು ಹೋದ್ರೆ?"

"ಸತ್ರೆ ಇಲ್ಲೇ ಇರ್ತೀನಲ್ಲ ದೊಡ್ಡಪ್ಪ, ನಿಮ್ಮ ಕಣ್ಣ ಮುಂದೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?"

ಅಪ್ಪ ಮುಖ ತಿರುಗಿಸಿಕೊಂಡ. ಅವಳೂ ಕ್ಷಮೆ ಕೇಳಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟಳು.

ತೊಟ್ಟಿಯ ಎದುರಿಗೆ ಟ್ರೈಪಾಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿದಳು. ಕಲ್ಲಿನ ಮೇಲೆ ಕೂತಳು. ಕಾಯುವುದು ಅವಳಿಗೆ ಹೊಸದಲ್ಲ. ಕರಡಿಗೆ ಕಾದವಳು, ಮೂರು ಹಗಲು ಒಂದು ಕರಿ ಕೊಕ್ಕರೆಗೆ ಕಾದವಳು. ಮೈ ಮರೆಸಿಕೊಂಡು, ಉಸಿರು ಸಣ್ಣ ಮಾಡಿಕೊಂಡು, ಇವಳು ಇಲ್ಲವೇ ಇಲ್ಲ ಅನ್ನುವ ಹಾಗೆ ಕೂರುವುದು ಅವಳ ಕಸುಬಿನ ಅರ್ಧ. ಕಮಾನಿನ ಕೆಳಗೆ ನೀರುನಾಯಿ ಸಿಳ್ಳೆ ಹಾಕಿತು. ಪೀ… ಮರಿ ಉತ್ತರ ಕೊಟ್ಟಿತು. ಪಿಚ್… ನೀರಿಗೆ ಧುಮುಕಿದ ಸದ್ದು. ಆಮೇಲೆ ಅದೂ ಇಲ್ಲ.

ಆಮೇಲೆ… ತೊಟ್ಟಿಯ ನೀರು ನಿಂತಿತು.

ನಮ್ಮ ಅಜ್ಜಿಯ ಅಜ್ಜಿ ಹುಟ್ಟಿದಾಗಲೂ ಬೀಳುತ್ತಿದ್ದ ನೀರು. ಬರಗಾಲದಲ್ಲೂ ನಿಂತದ್ದಿಲ್ಲ. ಅವತ್ತು ನಿಂತಿತು.

ಟಕ್… ಟಿಣ್.

"ಬಂದ್ಯಾ?" ಗೋಡೆಯ ಬುಡದಿಂದ ಪಿಸುದನಿ. "ಇನ್ನೂ ದಿನ ಇತ್ತಲ್ಲ."

"ನನ್ನ ದಾರ ಕೊಡಿ."

"ಕಲ್ಲೊಳಗಿದೆ."

"ಕಲ್ಲು ತೆಗೀರಿ."

"ತೆಗೆದ್ರೆ ಸೇತುವೆ ನಿಲ್ಲಲ್ಲ." ಅವನು ಗಾರೆ ಕಲಸುತ್ತಲೇ ಇದ್ದ. ಸರಕ್… ಸರಕ್… "ಎಲ್ರೂ ಬೆಟ್ಟ ಬಿಟ್ಟು ಹೋಗ್ತಾರೆ ಮಗಳೇ. ಯಾರಾದ್ರೂ ಒಬ್ರು ನಿಲ್ಬೇಕಲ್ಲ."

"ಅದಕ್ಕೆ ನಾನೇ ಯಾಕೆ?"

ಅವನು ಗಾರೆ ಮೆತ್ತುವ ಕರಣೆ ಕೈಗೆತ್ತಿಕೊಂಡ.

"ಒಬ್ಬಳೇ ಬಂದೆ," ಅಂದ. "ಒಬ್ಬಳೇ ಓಡಾಡೋ ಹೆಣ್ಣನ್ನ ಯಾರೂ ಹುಡುಕ್ಕೊಂಡು ಬರಲ್ಲ."

ಅಲ್ಲಿಯವರೆಗೂ ಅವಳಿಗೆ ಭಯವಿತ್ತು. ಈ ಮಾತು ಕೇಳಿದ್ದೇ ಭಯ ಹಾರಿಹೋಗಿ ಮೈಯೆಲ್ಲ ಉರಿಯಿತು. ಯಾಕೆಂದರೆ ಇದೇ ಮಾತನ್ನು ಅವಳು ಎಷ್ಟು ಬಾಯಿಗಳಿಂದ ಕೇಳಿದ್ದಳೋ. ಕಾಡಿನ ಗಾರ್ಡು ಹೇಳಿದ್ದ. ಲಾಡ್ಜಿನವನು ಬೀಗದ ಕೈ ಕೊಡುವಾಗ ಹೇಳಿದ್ದ. ನಮ್ಮಪ್ಪ ಅಂತೂ ಊಟಕ್ಕೊಂದು ಸಲ ಹೇಳುತ್ತಿದ್ದ. ಬದುಕಿರುವವರಿಗೆಲ್ಲ ಉತ್ತರ ಕೊಟ್ಟು ಆಗಿತ್ತು. ಈಗ ಸತ್ತವನಿಗೂ ಕೊಡಬೇಕಾಗಿ ಬಂತಲ್ಲ ಅಂತ ರೇಗಿಹೋಯಿತು ಅವಳಿಗೆ.

ಎದ್ದು ನಿಂತು ಕ್ಯಾಮೆರಾದ ಹಿಂದೆ ಬಗ್ಗಿದಳು.

"ಸ್ವಲ್ಪ ನಿಲ್ಲಿ ಮೇಸ್ತ್ರಿ," ಅಂದಳು. "ಕದಲಬೇಡಿ."

ಅವನು ತಲೆ ಎತ್ತಿದ. ಕೈಯಲ್ಲಿದ್ದ ಕರಣೆ ಗಾಳಿಯಲ್ಲೇ ನಿಂತಿತು. ಅವನೂ ಕಸುಬಿನವನೇ ತಾನೆ. ನಿಂತ.

ಕ್ಲಕ್.

ಬೆಳದಿಂಗಳಲ್ಲಿ ಒಂದು ಚಿತ್ರ ಮೂಡಬೇಕಾದರೆ ಬಹಳ ಹೊತ್ತು ಕ್ಯಾಮೆರಾದ ಕಣ್ಣು ತೆರೆದಿರಬೇಕು. ಮನುಷ್ಯರು ಅಷ್ಟು ಹೊತ್ತು ನಿಲ್ಲಲಾರರು. ಉಸಿರಾಡಿದರೂ ಅಲುಗುತ್ತಾರೆ, ಚಿತ್ರ ಕಲಸಿಹೋಗುತ್ತದೆ. ಇವನು ಅಲುಗಲಿಲ್ಲ. ಉಸಿರಾಡಿದರೆ ತಾನೆ ಅಲುಗುವುದು.

ಕ್ಲಕ್.

"ಏನ್ ಮಾಡ್ದೆ?" ಅಂದ ಅವನು. ದನಿಯಲ್ಲಿ ಮೊದಲ ಸಲ ಒಂದು ಬಿರುಕು.

"ನಿಮ್ಮ ನೆರಳು ಹಿಡಿದೆ. ನಮ್ಮ ಕಸುಬಲ್ಲಿ ಇದಕ್ಕೆ ಛಾಯಾಚಿತ್ರ ಅಂತೀವಿ. ಛಾಯೆ ಅಂದ್ರೂ ನೆರಳೇ. ನೀವು ದಾರದಲ್ಲಿ ಹಿಡಿದ್ರಿ, ನಾನು ಪೆಟ್ಟಿಗೇಲಿ ಹಿಡಿದೆ. ನೀವು ಹಿಡಿದಿದ್ದು ಗೋಡೆಗೆ ಹೋಗುತ್ತೆ. ನಾನು ಹಿಡಿದಿದ್ದು ನನ್ನ ಜೊತೆ ಬರುತ್ತೆ."

ಅವನು ಎದ್ದು ಬಂದ. ಹಸಿ ಸುಣ್ಣದ ವಾಸನೆ. ಹೊಡೆಯುತ್ತಾನೆ, ಕ್ಯಾಮೆರಾ ಕಿತ್ತುಕೊಳ್ಳುತ್ತಾನೆ ಅಂತ ಅವಳು ಟ್ರೈಪಾಡಿನ ಕಾಲನ್ನು ಗಟ್ಟಿಯಾಗಿ ಹಿಡಿದಳು. ಅವನ ತಲೆಗೆ ಬಾರಿಸುವುದು ಅಂತಲೇ ಇದ್ದಳು. ಅವನು ಕೈ ಎತ್ತಲಿಲ್ಲ. ಬಗ್ಗಿ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯನ್ನು ನೋಡಿದ.

ಆ ಚಿತ್ರ ನಾನೂ ನೋಡಿದ್ದೇನೆ. ಸೇತುವೆ ಇದೆ, ತೊಟ್ಟಿ ಇದೆ, ಅರ್ಧ ಎದ್ದ ಗೋಡೆ ಇದೆ. ಮನುಷ್ಯ ಇಲ್ಲ. ಗೋಡೆಯ ಮೇಲೆ ಟೋಪಿ ಹಾಕಿದ ಒಂದು ನೆರಳು ಮಾತ್ರ ಇದೆ, ಕೈಯಲ್ಲಿ ಕರಣೆ ಹಿಡಿದುಕೊಂಡು.

"ಇದು ನಾನಾ?"

"ನೀವೇ."

ತುಂಬ ಹೊತ್ತು ನೋಡಿದ. "ನಂಗೂ ಒಬ್ಬ ನಿಲ್ಲು ಅಂದಿದ್ದ," ಅಂದ ಕೊನೆಗೆ. "ಇಲ್ಲೇ. ಕೆಲಸ ಹುಡುಕ್ಕೊಂಡು ಹೊರಟಿದ್ದೆ, ಸಮುದ್ರದ ಕಡೆ. ಅಲ್ಲಿ ದೊಡ್ಡ ದೊಡ್ಡ ಮನೆ ಕಟ್ತಾರೆ ಅಂತ ಹೇಳಿದ್ರು… ನಿಂತುಬಿಟ್ಟೆ."

ನೆವೆನಾ ಟ್ರೈಪಾಡಿನ ಕಾಲು ಬಿಟ್ಟಳು.

"ನೀನು ಎಲ್ಲಿಗೆ ಹೊರಟಿದೀಯ?"

"ಸಮುದ್ರಕ್ಕೆ."

"ಈ ಪೆಟ್ಟಿಗೆ?"

"ನನ್ನ ದಾರ ನನ್ನ ಕೈಗೆ ಬಂದ್ರೆ ಪೆಟ್ಟಿಗೇನೂ ಬರುತ್ತೆ, ಅದರೊಳಗಿದ್ದಿದ್ದೂ ಬರುತ್ತೆ. ಬರದೇ ಇದ್ರೆ ಈ ಚಿತ್ರ ಈಗ್ಲೇ ಅಳಿಸ್ತೀನಿ. ಇಬ್ರೂ ಇಲ್ಲೇ ಕೊಳೆಯೋಣ."

ಅವನು ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದ. ನಮ್ಮ ಕಡೆ ಹಾಗಂದರೆ ಒಪ್ಪಿದೆ ಅಂತ.

ಗೋಡೆಯ ಹತ್ತಿರ ಹೋಗಿ ಕಲ್ಲಿನ ಸಂದಿಗೆ ಉಳಿ ಇಟ್ಟ. ಟಕ್… ಟಕ್… ಟಕ್… ಕರ್ರ್… ಕಲ್ಲು ಸಡಿಲವಾಗಿ ಹೊರಗೆ ಬಂತು. ಒಳಗೆ ಕೈ ಹಾಕಿ ದಾರ ತೆಗೆದು ತೊಟ್ಟಿಯ ಅಂಚಿನ ಮೇಲೆ ಇಟ್ಟ. ನೆವೆನಾ ತೆಗೆದುಕೊಂಡಳು. ಸುಡಲಿಲ್ಲ, ಹೊಳೆಗೆ ಎಸೆಯಲಿಲ್ಲ. ಕ್ಯಾಮೆರಾ ಚೀಲದ ಪಟ್ಟಿ ಹರಿದಿತ್ತು, ಆಮೇಲೆ ಅದರಿಂದಲೇ ಹೊಲಿದುಕೊಂಡಳು. ಎಂಥ ಹೆಣ್ಣು ನೋಡಿ.

"ಒಂದು ಮಾತು ಕೇಳಿ," ಅಂದಳು ಚೀಲ ಹಾಕಿಕೊಳ್ಳುತ್ತಾ. "ನಾನು ಒಬ್ಬಳೇ ತಿರುಗೋಳು. ಮಾತಾಡ್ಸೋ ಹಾಗಿಲ್ಲ. ದಾರಿಗೆ ಅಡ್ಡ ಬರೋ ಹಾಗಿಲ್ಲ. ಇನ್ನೊಂದ್ಸಲ ಯಾರನ್ನೂ ಅಳೆಯೋ ಹಾಗಿಲ್ಲ. ಕೇಳಿಸ್ತಾ?"

ಗೋಡೆಯ ಬುಡದಲ್ಲಿ ಯಾರೂ ಇರಲಿಲ್ಲ. ತೊಟ್ಟಿಯ ನೀರು ಮತ್ತೆ ಬೀಳತೊಡಗಿತ್ತು. ಗುಳು ಗುಳು ಗುಳು…

ಬೆಳಿಗ್ಗೆ ಬಸ್ಸಿನಲ್ಲಿ ಅವಳು ಕೂರಲೇ ಇಲ್ಲ. ಸೀಟುಗಳ ನಡುವೆ, ಯಾವುದನ್ನೂ ಹಿಡಿಯದೆ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಳು. ತಿರುವು ಹತ್ತಿರ ಬಂತು. ಹೆಂಗಸರು ಮಾತು ನಿಲ್ಲಿಸಿದರು. ಅಪ್ಪ ಕನ್ನಡಿಯನ್ನೇ ನೋಡುತ್ತಾ ಗಾಡಿಯನ್ನು ಆಮೆಯ ನಡಿಗೆಗೆ ತಂದ. ಸೇತುವೆ ಮರೆಯಾಯಿತು.

ಏನೂ ಆಗಲಿಲ್ಲ.

"ಗೇರ್ ಹಾಕಿ ದೊಡ್ಡಪ್ಪ," ಅಂದಳು ನೆವೆನಾ. "ರೈಲು ತಪ್ಪುತ್ತೆ ನಂಗೆ."

ಸೇತುವೆ ಬೀಳುತ್ತದೆ ಅಂತ ಊರವರು ಕಾದರು. ಬೀಳಲಿಲ್ಲ. ಹಬ್ಬ ಮುಗಿಸಿ ಬಂದ ಗಾರೆಯವರು ಯಾವನೋ ಕಲ್ಲು ಕಿತ್ತಿದಾನೆ ಅಂತ ಬೈದುಕೊಂಡು ಮತ್ತೆ ಕೂರಿಸಿದರು. ಇವತ್ತಿಗೂ ಅದರ ಮೇಲೆ ಅಪ್ಪ ಬಸ್ಸು ಓಡಿಸುತ್ತಾನೆ. ಅದಕ್ಕೆ ಯಾರ ನೆರಳೂ ಬೇಕಿರಲಿಲ್ಲ. ಒಳ್ಳೆ ಗಾರೆ ಸಾಕಿತ್ತು. ಹೊರಟವರನ್ನು ನಿಲ್ಲಿಸಿಕೊಳ್ಳಬೇಕು ಅಂದುಕೊಂಡವರು ಕಟ್ಟಿದ ಮಾತು ಅದು. ನಮ್ಮಪ್ಪನ ಎದುರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಚಳಿ ಹತ್ತಿರವಾದಾಗ ಅಪ್ಪ ನನ್ನನ್ನು ಕಳಿಸಿದ. "ಹೋಗಿ ಕರ್ಕೊಂಡು ಬಾ. ಒಬ್ಬಳೇ ಸತ್ತೋಗ್ತಾಳೆ ಅಲ್ಲಿ." ನಾನು ಹೋದೆ. ಎರಡು ರೈಲು, ಒಂದು ಬಸ್ಸು, ಆಮೇಲೆ ಒಬ್ಬ ಮೀನುಗಾರನ ದೋಣಿ. ಮರಳದಿಬ್ಬ ಅಂದರೆ ಮರಳು ಬಿಟ್ಟು ಮತ್ತೇನೂ ಇಲ್ಲ. ಚಿಪ್ಪು, ಜೊಂಡು, ಗಾಳಿ. ಆ ಗಾಳಿ ಕಿವಿಯೊಳಗೆ ಹೊಕ್ಕು ಊಂ… ಅನ್ನುತ್ತದೆ. ದೂರದಲ್ಲಿ ಹೆಜ್ಜಾರ್ಲೆಗಳ ಬಿಳಿ ರಾಶಿ. ಈಚೆಗೆ ಅವಳ ಡೇರೆ.

ದೋಣಿಯವನು ನನ್ನನ್ನು ಮೊಣಕಾಲು ನೀರಿನಲ್ಲೇ ಇಳಿಸಿ ಎದೆಗೆ ಶಿಲುಬೆ ಹಾಕಿಕೊಂಡ. "ನಾನು ಇಳಿಯಲ್ಲಪ್ಪ. ಮೊನ್ನೆ ಬಂದಾಗ ಅದು ಇರ್ಲಿಲ್ಲ," ಅಂದ.

ಡೇರೆಯ ಪಕ್ಕ ಗೋಡೆ ಇತ್ತು. ಸೊಂಟದೆತ್ತರ. ಉಳಿಯಿಂದ ಕೆತ್ತಿ ಒಂದಕ್ಕೊಂದು ಕೂರಿಸಿದ ಕಲ್ಲು. ಆ ಜಾಗದಲ್ಲಿ ಎಷ್ಟು ದೂರ ನಡೆದರೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಕಲ್ಲು ಸಿಗುವುದಿಲ್ಲ, ನಾನೇ ಹುಡುಕಿ ನೋಡಿದೆ.

"ಯಾರೇ ಕಟ್ಟಿದ್ದು ಇದನ್ನ?" ಅಂದೆ.

"ಗಾಳಿ ಜಾಸ್ತಿ ಇತ್ತು," ಅಂದಳು ನೆವೆನಾ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಗಾಳಿಗೆ ಕೆನ್ನೆ ಒಡೆದಿತ್ತು. ಅಷ್ಟು ಸುಖವಾಗಿದ್ದ ಮುಖ ನಾನು ನಮ್ಮ ಮನೆಯಲ್ಲಿ ಯಾರದೂ ಕಂಡಿಲ್ಲ. "ಮೊದಲೆರಡು ಸಲ ಕೆಡವಿ ಹಾಕ್ದೆ. ನಾನು ಒಬ್ಬಳೇ ಇರ್ತೀನಿ ಅಂದಿದ್ದೆನಲ್ಲ. ಮತ್ತೆ ಕಟ್ಟಿತ್ತು. ಈಗ ಬಿಟ್ಟಿದೀನಿ. ನೀನು ಯಾಕೆ ಬಂದೆ?"

ಕರೆದುಕೊಂಡು ಹೋಗಲು ಬಂದೆ ಅಂತ ನಾನು ಹೇಳಲಿಲ್ಲ. ನೋಡ್ಕೊಂಡು ಹೋಗೋಣ ಅಂತ ಬಂದೆ ಅಂದೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಆ ಗೋಡೆಯ ಮೇಲೆ ಅಂಗೈ ಇಟ್ಟಿದ್ದೇನೆ. ಗಾರೆ ಹಸಿಯಾಗಿತ್ತು, ಕೈಗೆ ಸುಣ್ಣ ಅಂಟಿತು. ಸುತ್ತ ನಡೆದು ನೋಡಿದ್ದೇನೆ. ನನ್ನ ತಾಯಾಣೆ… ಮೂರು ಕಡೆ ಮಾತ್ರ ಕಟ್ಟಿತ್ತು. ನಾಲ್ಕನೆಯ ಕಡೆ, ಅವಳು ಬೇಕೆಂದಾಗ ಎದ್ದು ಹೊರಡುವ ಹಾಗೆ, ತೆರೆದೇ ಬಿಟ್ಟಿತ್ತು.